ಎದುರು ಮನೆಯ ಸಾವಿರ ರೂಪಾಯಿ

ಅಥಣಿ ಕಡೆ ಕೊಲ್ಲಾಪುರಿ ಚಪ್ಪಲಿ ಮಾಡುವ ಮನೆಗಳ ಲೆಕ್ಕ ತೆಗೆಯುವ ಕೆಲಸ ಒಂದು ವರ್ಷ ನನ್ನ ಪಾಲಿಗೆ ಬಂದಿತ್ತು. ಹೆಸರು ಕೊಲ್ಲಾಪುರದ್ದು, ನಿಜ. ಆದರೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇಂಥ ಪ್ರದೇಶದ್ದೇ ಮಾಲು ಅನ್ನುವ ಕಾನೂನು ಮಾನ್ಯತೆ ಸಿಕ್ಕಾಗ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಅದರಲ್ಲಿ ಸೇರಿವೆ. ಬಟ್ಟೆ ಹೊಲಿಗೆ, ಚರ್ಮದ ಕೆಲಸದಿಂದ ರಾಜ್ಯಕ್ಕೆ ವರ್ಷಕ್ಕೆ ಎಷ್ಟು ಗಳಿಕೆ ಅಂತ ಒಂದು ಅಂಕಿ ಬರುತ್ತದಲ್ವಾ, ಅದರ ಒಂದು ಭಾಗ ಇಂಥ ಓಣಿಗಳಿಂದಲೇ ಹೋಗುತ್ತದೆ.

ಕಾರ್ಖಾನೆಗಳ ಲೆಕ್ಕ ಅಷ್ಟು ಕಷ್ಟವಲ್ಲ. ಆಗಿನ ನಿಯಮದಲ್ಲಿ ಕರೆಂಟ್ ಇದ್ದರೆ 10 ಜನ, ಇಲ್ಲದಿದ್ದರೆ 20 ಜನ ದುಡಿಯುವ ಜಾಗ ಕಾರ್ಖಾನೆ ಕಾಯ್ದೆಗೆ ಬರುತ್ತಿತ್ತು. ಅವರನ್ನು ಕೇಳಲು ಬೇರೆ ವಾರ್ಷಿಕ ಸಮೀಕ್ಷೆ ಇದೆ. ಪುಸ್ತಕ ತೆಗೆದು ತೋರಿಸುತ್ತಾರೆ.

ಚಪ್ಪಲಿ ಮನೆಯಲ್ಲಿ ಪುಸ್ತಕ ಎಲ್ಲಿಂದ ಬರಬೇಕು? "ಬರದು ಇಡಾಕ ಟೈಮ್ ಎಲ್ಲೈತ್ರಿ ಸಾಹೇಬ್ರ" ಅಂದರು ಒಬ್ಬ ಹಿರಿಯರು. ಕೈಯಲ್ಲಿ ತೊಗಲು ಕತ್ತರಿಸುವ ರಂಪಿಗೆ, ಮುಂದೆ ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ತೊಗಲು. ಮಾತಾಡುತ್ತಲೇ ಅಟ್ಟೆ ಕತ್ತರಿಸುತ್ತಿದ್ದರು. ಪೆನ್ಸಿಲ್ ಗುರುತೂ ಇಲ್ಲ, ಕೈ ಅಳತೆಯೇ.

ನಾನು ಮಾಡಿದ್ದು ಇಷ್ಟು. ಕಳೆದ ತಿಂಗಳನ್ನು ವಾರ ವಾರ ಒಡೆದು ಕೇಳಿದೆ. ಯಾವ ಸಂತೆಗೆ ಎಷ್ಟು ಜೋಡಿ ಹೋಯಿತು, ತೊಗಲು ತಂದದ್ದು ಯಾವಾಗ, ಇನ್ನೂ ಎಷ್ಟು ಉಳಿದಿದೆ. ಉಳಿದ ತೊಗಲನ್ನು ಖರ್ಚಿಗೆ ಹಾಕಬಾರದು, ಮಾರದೆ ಇಟ್ಟ ಚಪ್ಪಲಿಯನ್ನು ಉತ್ಪಾದನೆಯಿಂದ ಬಿಡಬಾರದು. ಮಳೆಗಾಲದಲ್ಲಿ ಹೋದರೆ ಬೇರೆಯೇ ಚಿತ್ರ. ತೊಗಲು ಒಣಗಲ್ಲ, ಮಳೆಯಲ್ಲಿ ತೊಗಲಿನ ಚಪ್ಪಲಿ ಯಾರೂ ಕೊಳ್ಳಲ್ಲ. ಅದಕ್ಕೇ ಸಮೀಕ್ಷೆಯನ್ನು ವರ್ಷಪೂರ್ತಿ ಹಂಚಿ ಮಾಡುವುದು.

ಯಾವುದನ್ನು ಯಾವ ಪಟ್ಟಿಗೆ ಸೇರಿಸಬೇಕು ಅನ್ನುವುದರಲ್ಲೂ ಎಡವುವವರು ಜಾಸ್ತಿ. ಉದ್ಯಮಗಳ ವರ್ಗೀಕರಣದಲ್ಲಿ 13 ಜವಳಿ, 14 ಉಡುಪು, 15 ಚರ್ಮ. ಇಳಕಲ್ ಸೀರೆ ಉಡುವ ಬಟ್ಟೆಯೇ ಆದರೂ ಮಗ್ಗದಲ್ಲಿ ಮುಗಿಯುವುದರಿಂದ 13ಕ್ಕೆ ಹೋಗುತ್ತದೆ. ಗುಳೇದಗುಡ್ಡದ ಖಣವೂ ಅಷ್ಟೇ. ಅದೇ ಖಣ ಟೇಲರ್ ಕೈಯಲ್ಲಿ ಕುಪ್ಪಸವಾದರೆ 14. ಅಲ್ಲೂ ಗಿರಾಕಿ ತಂದ ಬಟ್ಟೆಯ ಬೆಲೆ ಸೇರಿಸಬಾರದು, ಹೊಲಿಗೆಯ ಕೂಲಿ ಮಾತ್ರ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸುಮ್ನೆ ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳಿ. ತಿಂಗಳಿಗೆ 20 ಜೋಡಿ, ಜೋಡಿಗೆ 500 ರೂಪಾಯಿ, ಒಟ್ಟು 10,000. ತೊಗಲಿಗೆ 4,000, ದಾರ, ಎಣ್ಣೆ, ಬಣ್ಣಕ್ಕೆ 500. ಚಪ್ಪಲಿಯ ಮೇಲ್ಪಟ್ಟಿಗೆ ತೊಗಲಿನ ಎಳೆ ಹೆಣೆದು ಕೊಡುವ ಎದುರು ಮನೆಯ ಹೆಂಗಸಿಗೆ 1,000. ಎಲ್ಲ ಕಳೆದರೆ ಉಳಿದದ್ದು 4,500. ಅದೇ ಆ ಮನೆ ಹುಟ್ಟಿಸಿದ ಮೌಲ್ಯ ಅಂತ ಬರೆದೆ. ಅಲ್ಲಿಯವರೆಗೆ ಸರಿ.

ಆ 1,000 ಎಲ್ಲಿ ಹೋಯಿತು? ಆಕೆ ತನ್ನ ಮನೆಯಲ್ಲೇ ಕೂತು, ತನಗೆ ಬಿಡುವಾದಾಗ ಹೆಣೆಯುತ್ತಾಳೆ. ಹಾಗಾಗಿ ಆಕೆಯದ್ದು ಬೇರೆ ಉದ್ಯಮ, ಅಲ್ಲಿ 1,000 ಗಳಿಕೆ ಅಂತ ಬರಬೇಕು. ಇವರ ಮನೆಗೇ ಬಂದು ಸಂಬಳಕ್ಕೆ ದುಡಿದಿದ್ದರೆ ಆಕೆ ಇವರ ಕೆಲಸಗಾರ್ತಿ; ಆಗ ಆಕೆಯ ದುಡಿಮೆಯೂ ಈ ಮನೆ ಹುಟ್ಟಿಸಿದ ಮೌಲ್ಯದ ಭಾಗವೇ, ಕೂಲಿಯನ್ನು ಕಳೆಯಲೇಬಾರದು. ಎರಡು ದಾರಿಯಲ್ಲಿ ಯಾವುದರಲ್ಲಿ ಹೋದರೂ ಮೊತ್ತ 5,500 ಬರುತ್ತದೆ. ನನ್ನ ಪಟ್ಟಿಯಲ್ಲಿ ಮಾತ್ರ 4,500 ಇತ್ತು. ಏಕೆಂದರೆ ಮನೆಗಳ ಪಟ್ಟಿ ಮಾಡುವ ದಿನ ಎದುರು ಮನೆಯ ಬಾಗಿಲಲ್ಲಿ ನಿಂತು "ಏನಾರ ಉದ್ಯೋಗ ಐತೇನ್ರಿ ಇಲ್ಲಿ?" ಅಂತ ಕೇಳಿದ್ದೆ. "ಏನಿಲ್ರಿ, ಮನೀಗೆಲಸ" ಅಂದಿದ್ದಳು ಆಕೆ. ಪಕ್ಕದಲ್ಲೇ ಪುಟ್ಟಿ ತುಂಬ ಹೆಣೆದ ಎಳೆಗಳಿದ್ದವು. ನಾನು ನೋಡಿದೆ, ಬರೆಯಲಿಲ್ಲ.

ಇದು ನನಗೆ ಬಹಳ ದಿನ ನೋವು ಕೊಟ್ಟಿತು. ಮಾದರಿ ಸಮೀಕ್ಷೆಯಲ್ಲಿ ಒಂದು ಮನೆ ನೂರಾರು ಮನೆಗಳ ಪರವಾಗಿ ನಿಲ್ಲುತ್ತದೆ. ಒಂದು ಮನೆಯ ಹೆಣಿಗೆ ಬಿಟ್ಟುಹೋದರೆ ಅಷ್ಟೂ ಮನೆಗಳ ಹೆಣಿಗೆ ಬಿಟ್ಟ ಹಾಗೆ.

ಆಮೇಲೆ ಕೇಳುವ ಪ್ರಶ್ನೆಯನ್ನೇ ಬದಲಿಸಿದೆ. ಉದ್ಯೋಗ ಅನ್ನುವ ಮಾತನ್ನು ಮೊದಲು ಎತ್ತುವುದೇ ಇಲ್ಲ. "ಹ್ವಾದ ತಿಂಗಳ ಈ ಮನ್ಯಾಗ ಯಾರಾರ ಕುಂತು ಏನಾರ ಹೆಣದ್ರೇನ್ರಿ, ಹೊಲದ್ರೇನ್ರಿ, ಕುಚ್ಚು ಕಟ್ಟಿದ್ರೇನ್ರಿ? ರೊಕ್ಕ ಯಾರು ಕೊಟ್ರು?" ಅಂತ ಕೇಳುತ್ತೇನೆ. ಹೀಗೆ ಕೇಳಿದ ಮೊದಲ ಮನೆಯಲ್ಲಿ ಅತ್ತೆ ಒಳಗಿನಿಂದ ಸೊಸೆಯನ್ನು ಕರೆದರು. ಸೊಸೆ ಕೈ ಒರೆಸಿಕೊಳ್ಳುತ್ತಾ ಬಂದು ಎದುರಿಗೆ ಕೂತಳು. ದಿನಕ್ಕೆ ಎಷ್ಟು ಜೋಡಿ ಹೆಣೆಯುತ್ತಾಳೆ, ಜೋಡಿಗೆ ಎಷ್ಟು ಸಿಗುತ್ತದೆ, ಯಾರದ್ದು ಎಷ್ಟು ಬಾಕಿ ಇದೆ, ಎಲ್ಲವನ್ನೂ ಬಾಯಲ್ಲೇ ಒಂದೂ ತಪ್ಪದೆ ಹೇಳಿದಳು.