ಬ್ಲೂಬೆರಿ ವೈನ್ ಬಿಟ್ಟು ಜೆಲ್ಲಿಗೆ ಇಳಿದೆ

ಸ್ಟಾರ್‌ಡ್ಯೂ ವ್ಯಾಲಿ ಎಂಬ ಕೃಷಿ ವಿಡಿಯೋ ಗೇಮ್‌ನಲ್ಲಿ ಬೇಸಿಗೆ ಪೂರ್ತಿ ಬ್ಲೂಬೆರಿ ಬೆಳೆದು, ಎಲ್ಲವನ್ನೂ ಕೆಗ್‌ಗೆ (ವೈನ್ ಮಾಡುವ ಪೀಪಾಯಿ) ಹಾಕಿ ವೈನ್ ಮಾಡುತ್ತಿದ್ದೆ. ಪೆಟ್ಟಿಗೆ ತುಂಬ ಹಣ್ಣು, ಕೈಯಲ್ಲಿ ಮಾತ್ರ ಕಾಸಿಲ್ಲ. ಇನ್ನಷ್ಟು ಕೆಗ್ ಮಾಡೋಣವೆಂದರೆ ಓಕ್ ಮರದ ಅಂಟಿಗೆ ವಾರ ಕಾಯಬೇಕು.

ಒಂದು ರಾತ್ರಿ ಪೆನ್ನು ಹಿಡಿದು ಕೂತೆ. ವೈನ್‌ಗೆ ಹಣ್ಣಿನ ಮೂಲ ಬೆಲೆಯ 3 ಪಟ್ಟು. ಜೆಲ್ಲಿಗೆ 2 ಪಟ್ಟು, ಮೇಲೆ 50. ಬ್ಲೂಬೆರಿಯ ಬೆಲೆಯೇ 50. ಎರಡೂ 150ಕ್ಕೇ ಬಂದು ನಿಂತವು! ಆದರೆ ವೈನ್‌ಗೆ ಸುಮಾರು ವಾರ, ಜೆಲ್ಲಿಗೆ ಮೂರು ದಿನದೊಳಗೆ. ಇಷ್ಟು ದಿನ ಮಣ್ಣು ತಿಂದೆನಲ್ಲ ಅನ್ನಿಸಿತು.

ಜೆಲ್ಲಿ ಮಾಡುವ ಜಾರ್‌ಗೆ ಬೇಕಾದ್ದು ಮರ 50, ಕಲ್ಲು 40, ಕಲ್ಲಿದ್ದಲು 8. ಮರುದಿನವೇ ಹತ್ತು ಮಾಡಿದೆ. ಕೆಗ್ ಈಗ 750 ಬೆಲೆಯ ಸ್ಟಾರ್‌ಫ್ರೂಟ್ ಹಣ್ಣಿಗೆ ಮೀಸಲು.

ಇನ್ನೊಂದು: ಜೆಲ್ಲಿಗೆ ಹಣ್ಣಿನ ಗುಣಮಟ್ಟ ಲೆಕ್ಕಕ್ಕಿಲ್ಲ. ಜಾರ್ ಸಾಲದಿದ್ದರೆ ಚಿನ್ನದ ನಕ್ಷತ್ರದ ಗುರುತಿರುವ ಉತ್ತಮ ಬ್ಲೂಬೆರಿಯನ್ನು ಹಾಗೇ ಮಾರಿ, ಸಾದಾ ಹಣ್ಣನ್ನು ಜಾರ್‌ಗೆ ಹಾಕಿ.