ಬೀಟೆ ಮರದಲ್ಲಿ ಸನ್ನೆ ಭಾಷೆಯ ಕೈಗಳು

ಮೈಸೂರಿನ ಇನ್ಲೇ ಅಂದ್ರೆ ಆನೆ, ಅಂಬಾರಿ, ಹಳ್ಳಿ ಮನೆ, ತೆಂಗಿನ ಮರ. ಬೀಟೆ ಹಲಗೆಯನ್ನು ಕೊರೆದು ಬೇರೆ ಬಣ್ಣದ ಮರದ ತುಂಡುಗಳನ್ನು ಕೂರಿಸಿ ಚಿತ್ರ ಮಾಡುವ ಕೆಲಸ ಅದು. ನಾನು ಇನ್ಲೇಗೆ ಡಿಸೈನ್ ಬರೆದುಕೊಡುವವಳು. ಈಗ ಅದೇ ಬೀಟೆ ಹಲಗೆಯಲ್ಲಿ ಸನ್ನೆ ಭಾಷೆಯ ಕೈಗಳನ್ನೂ ಕೂರಿಸುತ್ತಿದ್ದೇವೆ. ಶುರುವಾಗಿದ್ದು ಒಂದು ನೇಮ್ ಬೋರ್ಡಿನಿಂದ. ಗಂಡ ಹೆಂಡತಿ ಇಬ್ಬರೂ ಕಿವುಡರು. ಮನೆಯ ಹೆಸರನ್ನು ಇಂಗ್ಲಿಷ್ ಅಕ್ಷರಗಳ ಬೆರಳು ಸನ್ನೆಯಲ್ಲಿ ಮಾಡಿಕೊಡಿ ಅಂತ ಚೀಟಿ ಬರೆದುಕೊಟ್ಟರು.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗುವ ಚಾರ್ಟು ಜಾಸ್ತಿ ಅಮೆರಿಕದ್ದೇ. ಅಲ್ಲಿ ಒಂದು ಅಕ್ಷರಕ್ಕೆ ಒಂದೇ ಕೈ. ನಮ್ಮ ಭಾರತೀಯ ಸನ್ನೆ ಭಾಷೆಯಲ್ಲಿ ಹೆಚ್ಚಿನ ಅಕ್ಷರಗಳಿಗೆ ಎರಡೂ ಕೈ ಬೇಕು. ಕೊರೆಯೋಕೆ ಒಂದು ಕೈ ಸುಲಭ, ನಿಜ. ಆದರೆ ಮೈಸೂರಿನ ಬಾಗಿಲಲ್ಲಿ ಅದನ್ನು ಯಾರು ಓದಬೇಕು? ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರದ ವಿಡಿಯೋ ನಿಘಂಟು ಆನ್‌ಲೈನಿನಲ್ಲಿದೆ. 2021ರ ಆವೃತ್ತಿಯಲ್ಲೇ 10,000 ಪದಗಳಿದ್ದವು. ಪದಗಳಿಗೆ ಈಗಲೂ ಅದನ್ನೇ ನೋಡುತ್ತೇನೆ.

ಎರಡು ಕೈಯಲ್ಲಿ ಮುಖ್ಯವಾದದ್ದು ಯಾವ ಬೆರಳು ಎಲ್ಲಿ ತಾಗುತ್ತದೆ ಅನ್ನೋದು. ಎರಡೂ ಕೈ ಒಂದೇ ಮರದಲ್ಲಾದರೆ ಆ ಜಾಗ ಸುಮ್ನೆ ಮುದ್ದೆ ಥರ ಕಾಣುತ್ತದೆ. ಅದಕ್ಕೇ ಒಂದು ಕೈಗೆ ಹಳದಿ ಹಲಸು, ಇನ್ನೊಂದಕ್ಕೆ ಬಿಳಿಚಿಕೊಂಡ ರಬ್ಬರ್ ಮರ. ಮರದ ಎಳೆ ಬೆರಳಿನ ಉದ್ದಕ್ಕೇ ಓಡಬೇಕು. ಅಡ್ಡ ಬಿದ್ದರೆ ಸಣ್ಣ ಗರಗಸಕ್ಕೆ ಕಿರುಬೆರಳು ಪಟ್ ಅಂತ ಮುರಿಯುತ್ತದೆ. ಉಗುರು, ಗಿಣ್ಣಿನ ಗೆರೆಗಳನ್ನು ಕೂರಿಸಿದ ಮೇಲೆ ಗೀರಿದರೆ ಸಾಕು.

ಕೊರೆಯುವ ಭಾಯ್ ಮಂಡಿ ಮೊಹಲ್ಲಾದವರು. ದೇವರ ಕೈ, ನರ್ತಕಿಯ ಕೈ ಮಾಡಿ ಪಳಗಿದವರು.

"ಮೇಡಂ, ಈ ಬೆರಳು ಸ್ವಲ್ಪ ಬಾಗಿಸ್ಲಾ? ಚೆಂದ ಕಾಣತ್ತೆ."

"ಬೇಡ ಭಾಯ್, ಬಾಗಿಸಿದ್ರೆ ಅಕ್ಷರಾನೇ ಕೆಡತ್ತೆ."

ನನ್ನ ಹಟ ಇಷ್ಟೇ: ಕೈಗಳು ಅಲಂಕಾರವಲ್ಲ, ಬರವಣಿಗೆ. ಚೆಂದ ಬೇಕಿದ್ದರೆ ಅಂಚಿಗೆ ಮಲ್ಲಿಗೆ ಬಳ್ಳಿ ಹಬ್ಬಿಸೋಣ, ಬೆರಳನ್ನು ಮುಟ್ಟೋದು ಬೇಡ. ಕಂಪ್ಯೂಟರಿನಲ್ಲಿ ಅರ್ಧ ಬರೆದು ಕನ್ನಡಿಯಂತೆ ತಿರುಗಿಸುವ ಅಭ್ಯಾಸಾನೂ ಇಲ್ಲಿ ನಡೆಯಲ್ಲ. ಎಡಗೈಯವರು ಹಾಗೆ ಸನ್ನೆ ಮಾಡುತ್ತಾರೆ ನಿಜ, ಆದರೆ ಒಂದೇ ಪದದಲ್ಲಿ ಅರ್ಧ ಎಡಚ, ಅರ್ಧ ಬಲಚ ಇದ್ದರೆ ವಿಚಿತ್ರ ಅಲ್ವಾ?

ಕೀಚೈನಿನಲ್ಲಿ ಹೆಚ್ಚು ಹೋಗುವುದು 'ಐ ಲವ್ ಯೂ' ಸನ್ನೆ. ಅದು ಅಮೆರಿಕದ್ದೇ. ಐ, ಎಲ್, ವೈ ಮೂರೂ ಒಂದೇ ಕೈಯಲ್ಲಿ ಸೇರಿವೆ. ಇಲ್ಲಿನ ಕಿವುಡರಿಗೂ ಗೊತ್ತು. ತೋರುಬೆರಳು, ಕಿರುಬೆರಳು ಮೇಲೆ, ಹೆಬ್ಬೆರಳು ಹೊರಗೆ. ಹೆಬ್ಬೆರಳು ಮಡಚಿದರೆ ರಾಕ್ ಸಂಗೀತದವರು ತೋರಿಸುವ ಕೊಂಬಾಗಿಬಿಡುತ್ತದೆ! ಸೆಪ್ಟೆಂಬರ್ 23, ಅಂತರರಾಷ್ಟ್ರೀಯ ಸನ್ನೆ ಭಾಷೆಗಳ ದಿನ, ಹತ್ತಿರ ಬಂದಾಗ ಇದಕ್ಕೆ ಕೇಳಿಕೆ ಜಾಸ್ತಿ.

ಚಲನೆಯಲ್ಲೇ ಅರ್ಥವಿರುವ ಪದಗಳನ್ನು ನಾನು ಒಪ್ಪಿಕೊಳ್ಳುವುದಿಲ್ಲ. ಬಾಣದ ಗುರುತು ಹಾಕಿ ಅಂತಾರೆ ಕೆಲವರು. ಬೀಟೆ ಮರದ ಮೇಲೆ ಬಾಣ ನನಗೆ ಹಿಡಿಸಲ್ಲ.

ಕೊರೆಯಲು ಕೊಡುವ ಮೊದಲು ಕಾಗದದ ಚಿತ್ರವನ್ನು ಸನ್ನೆ ಭಾಷೆ ಬಲ್ಲ ಕಿವುಡರ ಮುಂದೆ ಇಡುತ್ತೇನೆ. ಏನು ಬರೆದಿದೆ ಅಂತ ಹೇಳುವುದಿಲ್ಲ. ಅವರು ಕೈಯಲ್ಲೇ ಓದಿಕೊಂಡು ಹೋಗುತ್ತಾರೆ. ಎಲ್ಲಿ ತಡವರಿಸುತ್ತಾರೋ ಆ ಅಕ್ಷರವನ್ನು ಮತ್ತೆ ಬರೆಯುತ್ತೇನೆ.