ರಥಸಪ್ತಮಿಗೆ ಮಕ್ಕಳಿಗೆ ಸಾಂಬನ ಕಥೆ ಹೇಳುವುದು ಹೇಗೆ

ನಾಗರಭಾವಿಯ ನಮ್ಮ ಮನೆ ತಾರಸಿಯಲ್ಲಿ ಭಾನುವಾರ ಸಂಜೆ ಮಕ್ಕಳಿಗೆ ಕಥೆ ಹೇಳುತ್ತೇನೆ. ಟೀಚರ್ ಕೆಲಸದಿಂದ ನಿವೃತ್ತಿಯಾದ ಮೇಲೆ ಹತ್ತಿದ ಚಟ. ರಥಸಪ್ತಮಿ ಬಂದರೆ ಸಾಂಬನ ಕಥೆ ಇರಲೇಬೇಕು. ಕೃಷ್ಣ-ಜಾಂಬವತಿಯರ ಮಗ. ಅಪ್ಪನ ಶಾಪದಿಂದ ಕುಷ್ಠ ಬಂತು, 12 ವರ್ಷ ಸೂರ್ಯನನ್ನು ಪೂಜಿಸಿದ, ವಾಸಿಯಾಯಿತು.

ಒಂದು ವರ್ಷ ನಾನು ಬೆರಳು ಮಡಚಿ, ದನಿ ಎಳೆದು ರೋಗಿಯ ಪಾತ್ರ ಮಾಡಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಮಾರನೇ ದಿನ ಅವರಲ್ಲೊಬ್ಬ ಹಾಲಿನ ಬೂತಿನವರ ಕೈಯಿಂದ ಚಿಲ್ಲರೆ ಈಸಿಕೊಳ್ಳದೆ ಓಡಿಬಂದನಂತೆ. ಅವರ ಕೈಮೇಲೆ ಬಿಳಿ ಮಚ್ಚೆಗಳಿವೆ. ಅದು ತೊನ್ನು. ಚರ್ಮದ ಬಣ್ಣ ಹೋಗಿದೆ ಅಷ್ಟೇ, ಕುಷ್ಠಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಹುಡುಗನಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ಕಥೆ ಬಿಡಲಿಲ್ಲ, ಹೇಳುವ ರೀತಿ ಬದಲಿಸಿದೆ.

ಶಾಪದ ಭಾಗದಲ್ಲಿ ಜಾಸ್ತಿ ಹುಷಾರಾಗಿರಿ. ನಾರದರು ಹೂಡಿದ ಆಟಕ್ಕೆ ಸಾಂಬ ಸಿಕ್ಕಿಬಿದ್ದ ಅಂತ ಒಂದು ಪಾಠ ಇದೆಯಲ್ಲ, ಅದನ್ನೇ ಹೇಳಿ. ಮಗನ ತಪ್ಪಿಲ್ಲ ಅಂತ ಕೃಷ್ಣನಿಗೆ ತಿಳಿಯುವಷ್ಟರಲ್ಲಿ ಶಾಪ ಬಾಯಿಂದ ಹೊರಬಿದ್ದಿರುತ್ತದೆ. ಇಲ್ಲಿ ಸುಮ್ನೆ ಕೂತುಬಿಡಿ. "ಏನೂ ಮಾಡದಿದ್ರೂ ಬಂತಾ ಅಜ್ಜಿ?" ಅಂತ ಒಬ್ಬರಾದರೂ ಕೇಳುತ್ತಾರೆ. ಆಗ ರೋಗಾಣುವಿನ ವಿಷಯ ತೆಗೆಯಿರಿ. 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಎಂಬ ವೈದ್ಯರು ಅದನ್ನು ಪತ್ತೆ ಮಾಡಿದರು. ಅದಕ್ಕೆ ಪಾಪ-ಪುಣ್ಯ ಗೊತ್ತಿಲ್ಲ. ಹಾವು ಕೊಂದರೆ ಕುಷ್ಠ ಬರುತ್ತೆ ಅಂತ ಯಾವುದಾದರೂ ಮಗು ಅಂದರೆ ಗೇಲಿ ಮಾಡಬೇಡಿ. ನಮ್ಮಜ್ಜಿಯೂ ಹಾಗೇ ನಂಬಿದ್ದರು. ಬಸ್ಸು ಮಾಗಡಿ ರಸ್ತೆಯ ಕುಷ್ಠರೋಗ ಆಸ್ಪತ್ರೆ ದಾಟುವವರೆಗೂ ಸೆರಗು ಮೂಗಿನ ಮೇಲೇ.

ದೊಡ್ಡ ಮಕ್ಕಳಾದರೆ ಇದನ್ನೂ ಸೇರಿಸಿ: ಹಳೆಯ ಆಯುರ್ವೇದದಲ್ಲಿ ಕುಷ್ಠ ಅಂದರೆ ಒಂದೇ ರೋಗವಲ್ಲ. ಚರಕ 18 ಬಗೆ ಹೇಳುತ್ತಾನೆ, ಚರ್ಮದ ಎಷ್ಟೋ ತೊಂದರೆಗಳು ಅದರಲ್ಲಿ ಬರುತ್ತವೆ. ಸಾಂಬನಿಗೆ ಬಂದದ್ದು ಯಾವುದೋ, ಸೂರ್ಯನಿಗೇ ಗೊತ್ತು!

"ಬೆರಳು ಉದುರಿ ಬೀಳುತ್ತಾ?" ಈ ಪ್ರಶ್ನೆ ತಪ್ಪಿದ್ದಲ್ಲ. ಕಾಲು ಜೋಮು ಹಿಡಿದ ಮಗುವಿಗೆ ಚಿವುಟಿ ನೋಡಲು ಹೇಳಿ. ನೋವೇ ಗೊತ್ತಾಗಲ್ಲ, ಅಲ್ವಾ? ರೋಗಾಣು ನರಕ್ಕೆ ಹತ್ತಿದಾಗಲೂ ಹೀಗೇ. ಬಿಸಿ ಪಾತ್ರೆ ಮುಟ್ಟಿದರೂ, ಮೊಳೆ ಚುಚ್ಚಿದರೂ ತಿಳಿಯುವುದಿಲ್ಲ. ಗಾಯದ ಮೇಲೆ ಗಾಯವಾಗಿ, ಕೀವು ತುಂಬಿ, ವರ್ಷಗಳು ಕಳೆದಂತೆ ಬೆರಳು ಮೊಟಕಾಗುತ್ತದೆ.

ವಾಸಿಯಾಗುವ ಭಾಗಕ್ಕೆ ಒಂದು ಲೆಕ್ಕ ಇಟ್ಟುಕೊಳ್ಳಿ. ಸಾಂಬನಿಗೆ 12 ವರ್ಷ ಹಿಡಿಯಿತು, ಈಗ ಮಾತ್ರೆಗೆ ಎಷ್ಟು? ಊಹಿಸಲಿ ಬಿಡಿ. 6 ತಿಂಗಳು, ರೋಗ ಹೆಚ್ಚಿದ್ದರೆ 12 ತಿಂಗಳು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಮಾತ್ರೆ ಶುರುವಾದ ಸ್ವಲ್ಪ ದಿನಕ್ಕೇ ಹರಡುವುದು ನಿಲ್ಲುತ್ತದೆ. ಕೈ ಕುಲುಕಿದರೆ, ಪಕ್ಕ ಕೂತರೆ ಬರುವ ರೋಗವೂ ಅಲ್ಲ.

ಹಿಂದೆ ಕೂತು ಮೊಬೈಲ್ ನೋಡುವ ಅಪ್ಪ-ಅಮ್ಮಂದಿರಿಗೂ ಒಂದು ಮಾತು ಎಸೆಯುತ್ತೇನೆ. 2019ರಲ್ಲಿ ತಿದ್ದುಪಡಿ ಆಗುವವರೆಗೂ ಗಂಡನಿಗೋ ಹೆಂಡತಿಗೋ ಕುಷ್ಠ ಬಂದರೆ ಅದೇ ಕಾರಣಕ್ಕೆ ವಿಚ್ಛೇದನ ಕೇಳಬಹುದಿತ್ತು. ಮೊಬೈಲ್ ಕೆಳಗಿಳಿಯುತ್ತದೆ. ಮಕ್ಕಳಿಗೆ ಸುಮನಹಳ್ಳಿ ಅಂದರೆ ಫ್ಲೈಓವರ್ ಮತ್ತು ಟ್ರಾಫಿಕ್. ಕುಷ್ಠ ಬಂದವರಿಗಾಗಿ ಕಟ್ಟಿದ ಪುನರ್ವಸತಿ ಕೇಂದ್ರದ ಹೆಸರು ಅದು ಅನ್ನುವುದನ್ನೂ ಹೇಳಿ.

ಕಥೆ ಮುಗಿದ ಮೇಲೆ ಯಾರೋ ಒಬ್ಬರು ತೋಳು ಮಡಚಿ ಮಚ್ಚೆ ತೋರಿಸುತ್ತಾರೆ. ಎಲ್ಲರೆದುರು ಮಾತು ಬೆಳೆಸಬೇಡಿ. ಬಣ್ಣ ಮಾಸಿದ ಇಲ್ಲವೇ ಕೆಂಪಾದ ಮಚ್ಚೆ, ಮುಟ್ಟಿದರೆ ಗೊತ್ತಾಗದಿದ್ದರೆ ಮನೆಯವರಿಗೆ ತಿಳಿಸಿ ಆಸ್ಪತ್ರೆಗೆ ಕಳಿಸಿ. ಹೋದ ಸಲ ನನಗೆ ತೋರಿಸಿದ್ದು ಸೊಳ್ಳೆ ಕಚ್ಚಿದ ಗುರುತು. ಪರಪರ ಕೆರೆದುಕೊಳ್ಳುತ್ತಿದ್ದಳು, ಅಂದರೆ ಸ್ಪರ್ಶ ಚೆನ್ನಾಗೇ ಇತ್ತು.